ಒಂದು ಜಿಲ್ಲೆ, ಮೂರು ಕಲಂಗಳು: ಹೈದರಾಬಾದ್ ಕರ್ನಾಟಕದ ಅಭಿವೃದ್ಧಿ ಅನುದಾನದ ಚರಿತ್ರೆ

೧

೧೯೫೬ರ ನವೆಂಬರ್ ೧ರಂದು ಹೈದರಾಬಾದ್ ರಾಜ್ಯವು ಮೂರು ಭಾಗಗಳಾಗಿ ಒಡೆದು ಮೂರು ರಾಜ್ಯಗಳಲ್ಲಿ ಸೇರಿಹೋಯಿತು. ಮರಾಠವಾಡಾ ದ್ವಿಭಾಷಾ ಮುಂಬಯಿ ರಾಜ್ಯಕ್ಕೂ ತೆಲಂಗಾಣ ಆಂಧ್ರಪ್ರದೇಶಕ್ಕೂ ಗುಲಬರ್ಗಾ, ರಾಯಚೂರು, ಬೀದರ ಎಂಬ ಮೂರು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೂ ಸಂದವು. ಈ ವಿಭಜನೆಯ ಸ್ವರೂಪವನ್ನು ಸ್ಪಷ್ಟವಾಗಿ ಕಾಣಬೇಕಾದರೆ ಹಳೆಯ ಬೀದರ ಜಿಲ್ಲೆಯೊಂದನ್ನೇ ನೋಡಿದರೆ ಸಾಕು. ಅದರ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿಗೆ ಹೋದವು. ನಾರಾಯಣಖೇಡ ತಾಲ್ಲೂಕು ಮತ್ತು ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಆಂಧ್ರಪ್ರದೇಶಕ್ಕೆ ಹೋದವು. ಬೀದರ, ಭಾಲ್ಕಿ, ಹುಮನಾಬಾದ ಮೊದಲಾದವು ಮೈಸೂರಿಗೆ ಬಂದವು. ಒಂದೇ ಆಡಳಿತದ ಕೆಳಗೆ, ಒಂದೇ ಬಗೆಯ ಕಂದಾಯ ವ್ಯವಸ್ಥೆಯಲ್ಲಿ, ಹೆಚ್ಚುಕಡಿಮೆ ಒಂದೇ ಬಗೆಯ ಹಿಂದುಳಿದ ಸ್ಥಿತಿಯಲ್ಲಿದ್ದ ನೆರೆಯ ತಾಲ್ಲೂಕುಗಳಿವು. ಆದರೆ ಆ ದಿನದಿಂದ ಮುಂದೆ ಇವು ತಮ್ಮ ಸರ್ಕಾರಗಳಿಂದ ಅಭಿವೃದ್ಧಿಯ ಹಣವನ್ನು ಕೇಳುವ ಹಕ್ಕಿನ ಆಧಾರಗಳು ಬೇರೆ ಬೇರೆಯಾದವು.

ಉದಗೀರದವರು ಸಂವಿಧಾನದ ೩೭೧ನೆಯ ಕಲಮಿನ ಎರಡನೆಯ ಖಂಡವನ್ನು ತೋರಿಸಬಹುದಾಗಿತ್ತು. ನಾರಾಯಣಖೇಡದವರು ೧೯೫೬ರ ಒಪ್ಪಂದವನ್ನೂ ಮುಂದೆ ೩೭೧-ಡಿ ಕಲಮನ್ನೂ ತೋರಿಸಬಹುದಾಗಿತ್ತು. ಭಾಲ್ಕಿಯವರಿಗೆ ತೋರಿಸಲು ಇಂತಹ ಯಾವ ಕಾಗದವೂ ಇರಲಿಲ್ಲ. ಅವರಿಗೆ ಅದು ದೊರೆತದ್ದು ೩೭೧-ಜೆ ಎಂಬ ಹೆಸರಿನಲ್ಲಿ, ಐವತ್ತಾರು ವರ್ಷಗಳ ತರುವಾಯ. ಈ ವಿಳಂಬಕ್ಕೆ ಕಾರಣಗಳೇನು, ಈ ನಡುವೆ ಅನುದಾನವನ್ನು ಪಡೆಯಲು ನಡೆದ ಪ್ರಯತ್ನಗಳ ಸ್ವರೂಪವೇನು, ಕೊನೆಗೆ ದೊರೆತ ಕಲಂ ಹಣದ ವಿಷಯದಲ್ಲಿ ನಿಜವಾಗಿ ಏನನ್ನು ಕೊಡುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ೩೭೧-ಜೆ ಕಲಮನ್ನು ಕರ್ನಾಟಕದ ಒಳಗಿನ ಹೋರಾಟದ ಫಲವೆಂದಷ್ಟೇ ನೋಡುವುದು ವಾಡಿಕೆ. ಆದರೆ ಅದರ ವಾಕ್ಯಗಳ ವಂಶಾವಳಿಯನ್ನು ಹುಡುಕಿಕೊಂಡು ಹೊರಟರೆ ನಾವು ನಾಗಪುರಕ್ಕೂ ಹೈದರಾಬಾದಿಗೂ ಹೋಗಬೇಕಾಗುತ್ತದೆ.

೨

ಏಕೀಕರಣದ ಹೊತ್ತಿಗೆ ನೆರೆಯ ಎರಡು ಪ್ರದೇಶಗಳು ಲಿಖಿತ ಷರತ್ತುಗಳೊಂದಿಗೆ ಹೊಸ ರಾಜ್ಯಗಳನ್ನು ಪ್ರವೇಶಿಸಿದವು. ೧೯೫೩ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಮಹಾರಾಷ್ಟ್ರ, ವಿದರ್ಭ ಮತ್ತು ಮರಾಠವಾಡಾ ನಾಯಕರ ನಡುವೆ ನಾಗಪುರ ಒಪ್ಪಂದವಾಯಿತು. ಅದರ ಹಣಕಾಸಿನ ಅಂಶವು ಗಮನಾರ್ಹವಾದುದು. ಒಂದೇ ಸರ್ಕಾರದ ಅಗತ್ಯಗಳಿಗೆ ಒಳಪಟ್ಟು ಪ್ರತಿ ಘಟಕಕ್ಕೂ ಅದರ ಜನಸಂಖ್ಯೆಯ ಪ್ರಮಾಣದಲ್ಲಿ ಹಣವನ್ನು ಹಂಚಬೇಕು, ಮರಾಠವಾಡಾದ ಹಿಂದುಳಿದ ಸ್ಥಿತಿಯನ್ನು ಗಮನಿಸಿ ಅದಕ್ಕೆ ವಿಶೇಷ ಲಕ್ಷ್ಯ ಕೊಡಬೇಕು, ಈ ಕುರಿತ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕು ಎಂಬುದು ಅದರ ಸಾರ.

ತೆಲಂಗಾಣದ ಸ್ಥಿತಿ ಇನ್ನೂ ಬಲವಾಗಿತ್ತು. ರಾಜ್ಯ ಪುನರ್ವಿಂಗಡಣಾ ಆಯೋಗವು ೧೯೫೫ರ ತನ್ನ ವರದಿಯಲ್ಲಿ ತೆಲಂಗಾಣವನ್ನು ಸದ್ಯಕ್ಕೆ ಪ್ರತ್ಯೇಕ ರಾಜ್ಯವಾಗಿಯೇ ಉಳಿಸಬಹುದೆಂದು ಸೂಚಿಸಿದ್ದರಿಂದ ಅಲ್ಲಿನ ನಾಯಕರಿಗೆ ಮಾತುಕತೆಯಲ್ಲಿ ಬೆಲೆ ಬಂದಿತ್ತು. ೧೯೫೬ರ ಫೆಬ್ರವರಿ ೨೦ರಂದು ದೆಹಲಿಯಲ್ಲಿ ಆದ ಸಜ್ಜನರ ಒಪ್ಪಂದವು ತೆಲಂಗಾಣದ ಆದಾಯದಲ್ಲಿ ಸಾಮಾನ್ಯ ಆಡಳಿತದ ಪಾಲನ್ನು ಕಳೆದು ಉಳಿಯುವ ಹಣವನ್ನು ತೆಲಂಗಾಣದ ಅಭಿವೃದ್ಧಿಗೇ ಮೀಸಲಿಡಬೇಕೆಂದು ವಿಧಿಸಿತು. ತೆಲಂಗಾಣದ ಪರವಾಗಿ ಸಹಿ ಮಾಡಿದವರಲ್ಲಿ ಬೂರ್ಗುಲ ರಾಮಕೃಷ್ಣರಾವ್ ಒಬ್ಬರು. ಅವರು ಆಗ ಗುಲಬರ್ಗಾ, ರಾಯಚೂರು, ಬೀದರಗಳನ್ನೂ ಒಳಗೊಂಡಿದ್ದ ಹೈದರಾಬಾದ್ ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

೧೯೫೬ರ ಏಳನೆಯ ಸಂವಿಧಾನ ತಿದ್ದುಪಡಿಯು ಈ ಎರಡೂ ಏರ್ಪಾಡುಗಳಿಗೆ ೩೭೧ನೆಯ ಕಲಮಿನಲ್ಲಿ ಸ್ಥಾನ ಕಲ್ಪಿಸಿತು. ಮೊದಲನೆಯ ಖಂಡ ಆಂಧ್ರಪ್ರದೇಶ ಮತ್ತು ಪಂಜಾಬಗಳ ಪ್ರಾದೇಶಿಕ ಸಮಿತಿಗಳನ್ನು ಕುರಿತದ್ದು. ಎರಡನೆಯ ಖಂಡ ಮುಂಬಯಿ ರಾಜ್ಯದ ವಿದರ್ಭ, ಮರಾಠವಾಡಾ, ಸೌರಾಷ್ಟ್ರ, ಕಚ್ಛ ಮೊದಲಾದ ಪ್ರದೇಶಗಳ ಅಭಿವೃದ್ಧಿ ಮಂಡಳಿಗಳನ್ನು ಕುರಿತದ್ದು. ಮೈಸೂರು ರಾಜ್ಯದ ಹೆಸರು ಎಲ್ಲಿಯೂ ಇಲ್ಲ.

ಇದಕ್ಕೆ ಕಾರಣವನ್ನು ಕನ್ನಡ ನಾಯಕರ ಅಲಕ್ಷ್ಯವೆಂದು ಹೇಳಿಬಿಡುವುದು ಸುಲಭ. ಆದರೆ ಸಂದರ್ಭವನ್ನು ಪರಿಶೀಲಿಸಿದರೆ ಬೇರೊಂದು ವಿವರಣೆ ಹೆಚ್ಚು ಸಮಂಜಸವೆನಿಸುತ್ತದೆ. ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದುದೇ ಕನ್ನಡ ಪ್ರದೇಶಗಳ ಹಿಂದುಳಿಯುವಿಕೆಗೆ ಮೂಲವೆಂಬುದು ಏಕೀಕರಣ ಚಳವಳಿಯ ಮುಖ್ಯ ವಾದವಾಗಿತ್ತು. ಏಕೀಕರಣವೇ ಪರಿಹಾರವಾಗಿದ್ದಾಗ ಅದಕ್ಕೆ ಷರತ್ತು ಹಾಕುವುದು ವಾದಕ್ಕೆ ವಿರುದ್ಧವಾಗುತ್ತಿತ್ತು. ಇನ್ನೊಂದೆಡೆ ಹಳೆಯ ಮೈಸೂರಿನಲ್ಲಿ ಹಿಂದುಳಿದ ಪ್ರದೇಶಗಳ ಹೊರೆ ತಮ್ಮ ಮೇಲೆ ಬೀಳುವುದೆಂಬ ಅಳುಕು ಇತ್ತು. ೧೯೫೪ರಲ್ಲಿ ಮೈಸೂರು ಸರ್ಕಾರವು ಏಕೀಕರಣದ ಆರ್ಥಿಕ ಪರಿಣಾಮಗಳನ್ನು ಪರಿಶೀಲಿಸಲು ಸತ್ಯಶೋಧನ ಸಮಿತಿಯೊಂದನ್ನು ನೇಮಿಸಿದ್ದು ಈ ಅಳುಕಿನ ಹಿನ್ನೆಲೆಯಲ್ಲಿಯೇ. ಇಂತಹ ವೇಳೆಯಲ್ಲಿ ಗುಲಬರ್ಗಾದ ಕಡೆಯಿಂದ ಪ್ರತ್ಯೇಕ ಹಣದ ಮಾತು ಎದ್ದಿದ್ದರೆ ಅದು ಏಕೀಕರಣದ ವಿರೋಧಿಗಳ ಕೈಗೆ ಅಸ್ತ್ರವಾಗುತ್ತಿತ್ತು. ಹೀಗೆ ತೆಲಂಗಾಣಕ್ಕೆ ಬೇರೆಯಾಗಿ ಉಳಿಯುವ ಸಾಧ್ಯತೆಯಿಂದ ದೊರೆತ ಬಲವು ಕನ್ನಡ ಜಿಲ್ಲೆಗಳಿಗೆ ಸೇರುವ ಆತುರದಿಂದಾಗಿ ದೊರೆಯಲಿಲ್ಲ.

೩

ಲಿಖಿತ ಷರತ್ತುಗಳಿದ್ದ ಮಾತ್ರಕ್ಕೆ ನೆರೆಯವರಿಗೆ ಹಣ ದೊರೆಯಿತೆಂದು ಭಾವಿಸಬೇಕಾಗಿಲ್ಲ. ಅವರಿಗೆ ದೊರೆತದ್ದು ಲೆಕ್ಕ ಕೇಳುವ ಅವಕಾಶ. ೧೯೬೯ರ ತೆಲಂಗಾಣ ಚಳವಳಿಯ ಸಂದರ್ಭದಲ್ಲಿ ಅಲ್ಲಿನ ಮಿಗತೆ ಹಣ ಎಷ್ಟು, ಅದರಲ್ಲಿ ಎಷ್ಟು ಬೇರೆಡೆ ವೆಚ್ಚವಾಯಿತು ಎಂಬುದನ್ನು ಗೊತ್ತುಮಾಡಲು ಕುಮಾರ್ ಲಲಿತ್ ಸಮಿತಿಯೂ ತರುವಾಯ ನ್ಯಾಯಮೂರ್ತಿ ವಶಿಷ್ಠ ಭಾರ್ಗವ ಸಮಿತಿಯೂ ನೇಮಕಗೊಂಡವು. ಒಪ್ಪಂದದಲ್ಲಿ ಮಿಗತೆ ಎಂಬ ಪದವಿದ್ದುದರಿಂದಲೇ ಅದನ್ನು ಎಣಿಸುವ ಸಮಿತಿ ಸಾಧ್ಯವಾಯಿತು. ಆದರೆ ೧೯೭೩ರ ಆರು ಸೂತ್ರಗಳ ಪರಿಹಾರ ಮತ್ತು ಅದನ್ನು ಅನುಸರಿಸಿ ಮೂವತ್ತೆರಡನೆಯ ತಿದ್ದುಪಡಿಯ ಮೂಲಕ ಬಂದ ೩೭೧-ಡಿ ಕಲಂ ಈ ಜಾಡನ್ನು ಬದಲಿಸಿದವು. ಹೊಸ ಕಲಂ ಸರ್ಕಾರಿ ಉದ್ಯೋಗ ಮತ್ತು ಶಿಕ್ಷಣದಲ್ಲಿ ಸ್ಥಳೀಯರ ಪಾಲನ್ನು ಕುರಿತದ್ದಾಗಿತ್ತು. ಅಭಿವೃದ್ಧಿಯ ಹಣವನ್ನು ಹಂಚುವ ಮಾತು ಅದರಲ್ಲಿ ಉಳಿಯಲಿಲ್ಲ.

ಮಹಾರಾಷ್ಟ್ರದಲ್ಲಿ ಲೆಕ್ಕದ ಕೆಲಸ ಬೇರೊಂದು ರೀತಿಯಲ್ಲಿ ನಡೆಯಿತು. ೧೯೮೩ರಲ್ಲಿ ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಅವರ ಅಧ್ಯಕ್ಷತೆಯಲ್ಲಿ ಸತ್ಯಶೋಧನ ಸಮಿತಿ ನೇಮಕವಾಗಿ ಮರುವರ್ಷ ವರದಿ ಕೊಟ್ಟಿತು. ರಸ್ತೆ, ನೀರಾವರಿ, ವಿದ್ಯುತ್ತು, ಶಿಕ್ಷಣ, ಆರೋಗ್ಯ ಮೊದಲಾದ ಒಂದೊಂದು ಕ್ಷೇತ್ರದಲ್ಲಿಯೂ ರಾಜ್ಯದ ಸರಾಸರಿಗಿಂತ ಪ್ರತಿ ಜಿಲ್ಲೆ ಎಷ್ಟು ಹಿಂದಿದೆ ಎಂಬುದನ್ನು ಅಳೆದು, ಆ ಕೊರತೆಯನ್ನು ತುಂಬಲು ಬೇಕಾಗುವ ಹಣವನ್ನು ಸಮಿತಿ ರೂಪಾಯಿಗಳಲ್ಲಿ ಕಟ್ಟಿತು. ಇದಕ್ಕೆ ಮರಾಠಿಯಲ್ಲಿ ಬಳಕೆಗೆ ಬಂದ ಪದ ಅನುಶೇಷ, ಎಂದರೆ ಹಿಂಬಾಕಿ. ಇಡೀ ರಾಜ್ಯದ ಹಿಂಬಾಕಿ ಸುಮಾರು ೩,೧೮೭ ಕೋಟಿ ರೂಪಾಯಿ ಎಂದು ಗೊತ್ತಾಯಿತು. ಹಿಂದುಳಿಯುವಿಕೆ ಎಂಬುದು ದೂರಿನ ಭಾಷೆಯನ್ನು ಬಿಟ್ಟು ಸಾಲದ ಭಾಷೆಯನ್ನು ಪಡೆಯಿತು. ೧೯೫೬ರಿಂದ ಕಾಗದದ ಮೇಲೆಯೇ ಇದ್ದ ೩೭೧ (೨)ರ ಮಂಡಳಿಗಳು ಮಹಾರಾಷ್ಟ್ರದಲ್ಲಿ ೧೯೯೪ರಲ್ಲಿ ಅಸ್ತಿತ್ವಕ್ಕೆ ಬಂದುದರ ಹಿಂದೆ ಈ ಲೆಕ್ಕದ ಒತ್ತಾಸೆಯಿತ್ತು.

೪

ಈ ಕಾಲದಲ್ಲಿ ಕರ್ನಾಟಕದಲ್ಲಿ ನಡೆದ ಪ್ರಯತ್ನಗಳು ಶಾಸನಸಭೆಯ ಮತ್ತು ಮಂತ್ರಿಮಂಡಲದ ಹಾದಿಯನ್ನು ಹಿಡಿದವು. ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಬಾರಿ ಮುಖ್ಯಮಂತ್ರಿಗಳಾದರು. ಪ್ರದೇಶದ ಪ್ರಾತಿನಿಧ್ಯ ಅಧಿಕಾರದಲ್ಲಿ ಇರಲಿಲ್ಲವೆನ್ನುವಂತಿಲ್ಲ. ಆದರೆ ವ್ಯಕ್ತಿಯ ಪ್ರಭಾವದಿಂದ ದೊರೆತ ಕಾಮಗಾರಿಗೂ ಪ್ರದೇಶದ ಹಕ್ಕಿನಿಂದ ದೊರೆತ ಅನುದಾನಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಅಧಿಕಾರದೊಡನೆ ಬಂದು ಅಧಿಕಾರದೊಡನೆ ಹೋಗುತ್ತದೆ.

೧೯೮೧ರಲ್ಲಿ ಧರ್ಮಸಿಂಗ್ ಅವರ ಅಧ್ಯಕ್ಷತೆಯ ಹೈದರಾಬಾದ್ ಕರ್ನಾಟಕ ಅಭಿವೃದ್ಧಿ ಸಮಿತಿಯು ಈ ಪ್ರದೇಶದ ಕೊರತೆಗಳನ್ನು ಒಂದೆಡೆ ಕಲೆಹಾಕಿ, ಪ್ರತ್ಯೇಕ ಮಂಡಳಿಯ ವಿಚಾರಕ್ಕೆ ಬುನಾದಿ ಹಾಕಿತು. ಹತ್ತು ವರ್ಷಗಳ ಬಳಿಕ, ೧೯೯೧ರ ಅಧಿನಿಯಮದ ಮೂಲಕ, ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರೂಪುಗೊಂಡಿತು. ಬಳ್ಳಾರಿ ಜಿಲ್ಲೆಯೂ ಇದರಲ್ಲಿ ಸೇರಿತು. ಬಳ್ಳಾರಿ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಲ್ಲ. ೧೮೦೦ರಲ್ಲಿ ನಿಜಾಮನು ಬ್ರಿಟಿಷರಿಗೆ ಬಿಟ್ಟುಕೊಟ್ಟ ದತ್ತಮಂಡಲದ ಭಾಗವಾಗಿ ಮದ್ರಾಸ್ ಪ್ರಾಂತದಲ್ಲಿದ್ದು ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರಿದುದು. ಎಂದರೆ ೧೯೯೧ರ ಹೊತ್ತಿಗೆ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಚರಿತ್ರೆಯ ಗಡಿಯನ್ನು ಬಿಟ್ಟು ಗುಲಬರ್ಗಾ ಕಂದಾಯ ವಿಭಾಗದ ಗಡಿಯನ್ನು ಸೂಚಿಸತೊಡಗಿತ್ತು.

ಈ ಮಂಡಳಿಯ ದೌರ್ಬಲ್ಯ ಅದರ ಹುಟ್ಟಿನಲ್ಲಿಯೇ ಇತ್ತು. ರಾಜ್ಯದ ಸಾಮಾನ್ಯ ಅಧಿನಿಯಮದಿಂದ ಹುಟ್ಟಿದ ಮಂಡಳಿಗೆ ಸರ್ಕಾರ ಎಷ್ಟು ಕೊಟ್ಟರೆ ಅಷ್ಟೇ ಹಣ. ೧೯೯೧ರಲ್ಲಿಯೇ ಮಲೆನಾಡಿಗೆ, ೧೯೯೪ರಲ್ಲಿ ಬಯಲುಸೀಮೆಗೆ ಇಂತಹವೇ ಮಂಡಳಿಗಳ ಅಧಿನಿಯಮಗಳು ಬಂದವು. ಐತಿಹಾಸಿಕ ಅನ್ಯಾಯದ ಪರಿಹಾರವೆಂದು ಕೇಳಿದ್ದು ಕೆಲವೇ ವರ್ಷಗಳಲ್ಲಿ ರಾಜ್ಯದ ಹಲವು ಭಾಗಗಳಿಗೆ ಹಂಚುವ ಸಾಮಾನ್ಯ ಸವಲತ್ತಾಗಿ ಮಾರ್ಪಟ್ಟಿತು.

೫

೨೦೦೦ದಲ್ಲಿ ನೇಮಕಗೊಂಡ ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿ ಈ ಚರಿತ್ರೆಯಲ್ಲಿ ನಿರ್ಣಾಯಕವಾದುದು. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಈ ಸಮಿತಿ ೨೦೦೨ರ ಜೂನಿನಲ್ಲಿ ವರದಿ ಕೊಟ್ಟಿತು. ದಾಂಡೇಕರ್ ಸಮಿತಿಗೆ ಜಿಲ್ಲೆ ಘಟಕವಾಗಿದ್ದರೆ ನಂಜುಂಡಪ್ಪ ಸಮಿತಿಗೆ ತಾಲ್ಲೂಕೇ ಘಟಕ. ೩೫ ಸೂಚಕಗಳನ್ನು ಸೇರಿಸಿ ರಚಿಸಿದ ಸಮಗ್ರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕದಲ್ಲಿ ರಾಜ್ಯದ ಸರಾಸರಿಯನ್ನು ಒಂದು ಎಂದು ಇಟ್ಟುಕೊಂಡು ೧೭೫ ತಾಲ್ಲೂಕುಗಳನ್ನೂ ಅಳೆಯಲಾಯಿತು. ೧೧೪ ತಾಲ್ಲೂಕುಗಳು ಹಿಂದುಳಿದವೆಂದು ಕಂಡುಬಂದವು. ಅವುಗಳಲ್ಲಿ ೩೫ ಹಿಂದುಳಿದವು, ೪೦ ಅತಿ ಹಿಂದುಳಿದವು, ೩೯ ಅತ್ಯಂತ ಹಿಂದುಳಿದವು. ಈ ೩೯ರಲ್ಲಿ ೨೧ ಗುಲಬರ್ಗಾ ವಿಭಾಗದವು. ಆ ವಿಭಾಗದ ೩೧ ತಾಲ್ಲೂಕುಗಳಲ್ಲಿ ಹಿಂದುಳಿದ ಪಟ್ಟಿಯಿಂದ ಹೊರಗುಳಿದವು ಮೂರು ಮಾತ್ರ. ಕೊರತೆಯ ನಿವಾರಣೆಗೆ ಎಂಟು ವರ್ಷಗಳ ಅವಧಿಗೆ ೩೧,೦೦೦ ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತು. ಇದರಲ್ಲಿ ೧೫,೦೦೦ ಕೋಟಿ ವಾಡಿಕೆಯ ಆಯವ್ಯಯದಿಂದಲೂ ೧೬,೦೦೦ ಕೋಟಿ ಹೆಚ್ಚುವರಿಯಾಗಿಯೂ ಬರಬೇಕಾಗಿತ್ತು.

ಈ ವರದಿಯಿಂದ ಹೈದರಾಬಾದ್ ಕರ್ನಾಟಕದ ವಾದಕ್ಕೆ ಎರಡು ಬಗೆಯ ಪರಿಣಾಮವಾಯಿತು. ಒಂದು, ಅದುವರೆಗೆ ಭಾಷಣಗಳಲ್ಲಿ ಮತ್ತು ಮನವಿಪತ್ರಗಳಲ್ಲಿದ್ದ ವಾದಕ್ಕೆ ಅಂಕಿಗಳ ಆಧಾರ ದೊರೆಯಿತು. ಎರಡು, ಅದೇ ಅಂಕಿಗಳು ಆ ವಾದದ ಅನನ್ಯತೆಯನ್ನು ಕರಗಿಸಿದವು. ಅತ್ಯಂತ ಹಿಂದುಳಿದ ೩೯ ತಾಲ್ಲೂಕುಗಳಲ್ಲಿ ೧೩ ದಕ್ಷಿಣದವು. ಪಟ್ಟಿಯಲ್ಲಿ ರಾಜ್ಯದ ಎಲ್ಲ ಭಾಗಗಳ ತಾಲ್ಲೂಕುಗಳೂ ಇದ್ದವು. ತಾಲ್ಲೂಕನ್ನು ಘಟಕವಾಗಿ ಒಪ್ಪಿದ ಮೇಲೆ ಪ್ರದೇಶವೆಂಬ ಘಟಕದ ಹಕ್ಕು ತಾನಾಗಿಯೇ ಸಡಿಲವಾಗುತ್ತದೆ. ಜೊತೆಗೆ, ೨೦೦೨ರ ವರದಿಯ ವಿಶೇಷ ಅಭಿವೃದ್ಧಿ ಯೋಜನೆ ಕಾರ್ಯರೂಪಕ್ಕೆ ಬರತೊಡಗಿದ್ದು ೨೦೦೭-೦೮ರಲ್ಲಿ. ಐದು ವರ್ಷಗಳ ಈ ಅಂತರದಲ್ಲಿ, ಸಮಿತಿಯ ಶಿಫಾರಸಿಗೆ ಸರ್ಕಾರವನ್ನು ಕಟ್ಟಿಹಾಕುವ ಶಕ್ತಿ ಇಲ್ಲವೆಂಬುದು ಪ್ರದೇಶದ ಜನರಿಗೆ ಮನವರಿಕೆಯಾಯಿತೆಂದು ತೋರುತ್ತದೆ. ಸಂವಿಧಾನದ ರಕ್ಷಣೆಯೇ ಬೇಕೆಂಬ ಬೇಡಿಕೆ ಹೆಚ್ಚು ಗಟ್ಟಿಯಾದದ್ದನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಬೇಕು.

೬

ವೈಜನಾಥ ಪಾಟೀಲರಂತಹವರ ಮುಂದಾಳತ್ವದಲ್ಲಿ ಈ ಬೇಡಿಕೆ ದೀರ್ಘಕಾಲ ನಡೆದುಬಂದಿತ್ತು. ೧೯೯೮ರಿಂದ ೨೦೦೪ರವರೆಗೆ ಅಧಿಕಾರದಲ್ಲಿದ್ದ ಕೇಂದ್ರ ಸರ್ಕಾರ ಇದಕ್ಕೆ ಒಪ್ಪಲಿಲ್ಲ. ೨೦೧೦ರ ಮಾರ್ಚಿಯಲ್ಲಿ ಕರ್ನಾಟಕದ ಎರಡೂ ಸದನಗಳು ಪ್ರತ್ಯೇಕ ನಿರ್ಣಯಗಳನ್ನು ಅಂಗೀಕರಿಸಿದವು. ಕೇಂದ್ರದಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ಮಂತ್ರಿಗಳಾಗಿಯೂ ಧರ್ಮಸಿಂಗ್ ಅವರು ಬೀದರದ ಸಂಸದರಾಗಿಯೂ ಇದ್ದ ಆ ಅವಧಿಯಲ್ಲಿ ವಿಧೇಯಕ ಮುಂದುವರಿದು ೨೦೧೨ರ ಡಿಸೆಂಬರಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆಯಿತು. ಸಂವಿಧಾನದ ತೊಂಬತ್ತೆಂಟನೆಯ ತಿದ್ದುಪಡಿಯಾದ ಇದು ೨೦೧೩ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತು. ಬೀದರ, ಗುಲಬರ್ಗಾ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ಆರು ಜಿಲ್ಲೆಗಳು ಅದರ ವ್ಯಾಪ್ತಿಗೆ ಸೇರಿದವು.

ಈಗ ಕಲಮಿನ ರಚನೆಯನ್ನು ನೋಡೋಣ. ರಾಜ್ಯಪಾಲರಿಗೆ ವಿಶೇಷ ಹೊಣೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಮಂಡಳಿಯ ಕಾರ್ಯವನ್ನು ಕುರಿತು ಪ್ರತಿವರ್ಷ ವಿಧಾನಸಭೆಯ ಮುಂದೆ ವರದಿ, ಇಡೀ ರಾಜ್ಯದ ಅಗತ್ಯಗಳಿಗೆ ಒಳಪಟ್ಟು ಅಭಿವೃದ್ಧಿ ವೆಚ್ಚಕ್ಕೆ ಹಣದ ನ್ಯಾಯಸಮ್ಮತ ಹಂಚಿಕೆ, ಈ ಅಂಶಗಳು ಮರಾಠವಾಡಾಕ್ಕೆ ಅನ್ವಯಿಸುವ ೩೭೧ (೨)ರಿಂದ ಬಂದಂತಹವು. ವಾರ್ಷಿಕ ವರದಿಯ ಮಾತಂತೂ ನಾಗಪುರ ಒಪ್ಪಂದದಿಂದಲೇ ಹರಿದುಬಂದದ್ದು. ಹುಟ್ಟಿನಿಂದ ಅಥವಾ ವಾಸದಿಂದ ಪ್ರದೇಶಕ್ಕೆ ಸೇರಿದವರಿಗೆ ಶಿಕ್ಷಣದಲ್ಲಿ ಮತ್ತು ಸರ್ಕಾರಿ ಹುದ್ದೆಗಳಲ್ಲಿ ಮೀಸಲು ಕೊಡುವ ಅಂಶವು ತೆಲಂಗಾಣದ ಸ್ಥಳೀಯತೆಯ ಹೋರಾಟದಿಂದ ರೂಪುಗೊಂಡ ೩೭೧-ಡಿಯ ಜಾಡಿನದು. ಹಳೆಯ ಹೈದರಾಬಾದ್ ರಾಜ್ಯದ ಮರಾಠಿ ಭಾಗ ಮತ್ತು ತೆಲುಗು ಭಾಗಗಳು ಬೇರೆ ಬೇರೆಯಾಗಿ ಪಡೆದ ಎರಡು ಸಾಧನಗಳು ಕನ್ನಡ ಭಾಗದಲ್ಲಿ ಒಂದಾಗಿ ಕೂಡಿದವು. ತಡವಾಗಿ ಬಂದದ್ದರ ಲಾಭ ಇದು.

ಆದರೆ ಈ ಪಯಣದಲ್ಲಿ ಕಳೆದುಹೋದದ್ದೂ ಒಂದಿದೆ. ನಾಗಪುರ ಒಪ್ಪಂದದಲ್ಲಿ ಹಂಚಿಕೆಗೆ ಜನಸಂಖ್ಯೆ ಎಂಬ ಅಳತೆಗೋಲಿತ್ತು. ತೆಲಂಗಾಣದ ಒಪ್ಪಂದದಲ್ಲಿ ಮಿಗತೆ ಎಂಬ ಅಳತೆಗೋಲಿತ್ತು. ಸಂವಿಧಾನವನ್ನು ಪ್ರವೇಶಿಸುವಾಗ ೩೭೧ (೨)ರಲ್ಲಿ ಜನಸಂಖ್ಯೆಯ ಸ್ಥಾನವನ್ನು ನ್ಯಾಯಸಮ್ಮತ ಎಂಬ ವಿಶೇಷಣ ಆಕ್ರಮಿಸಿತು. ೩೭೧-ಜೆಯಲ್ಲಿಯೂ ಆ ವಿಶೇಷಣವೇ ಮುಂದುವರಿಯಿತು.

೭

ಇದರ ಪರಿಣಾಮವನ್ನು ಕಲಮಿನ ಎರಡು ಭಾಗಗಳ ಅನುಷ್ಠಾನದಲ್ಲಿ ಕಾಣಬಹುದು. ಉದ್ಯೋಗ ಮತ್ತು ಶಿಕ್ಷಣದ ಭಾಗವು ೨೦೧೩ರ ಆದೇಶಗಳಲ್ಲಿ ಖಚಿತ ಅಂಕಿಗಳನ್ನು ಪಡೆಯಿತು. ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ ೭೦ರಷ್ಟು ಸ್ಥಾನಗಳು, ಹುದ್ದೆಗಳಲ್ಲಿ ವರ್ಗಕ್ಕೆ ಅನುಗುಣವಾಗಿ ಶೇಕಡಾ ೭೫ರಿಂದ ೮೫ರಷ್ಟು, ಪ್ರದೇಶದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ ೮ರಷ್ಟು ಮೀಸಲಾದವು. ಸ್ಥಾನ ತಪ್ಪಿದವನು ನ್ಯಾಯಾಲಯದಲ್ಲಿ ಈ ಅಂಕಿಗಳನ್ನು ಹಿಡಿದು ವಾದಿಸಬಲ್ಲ. ಹಣದ ಭಾಗಕ್ಕೆ ಅಂತಹ ಅಂಕಿ ಇಲ್ಲ. ೩೭೧-ಜೆಯಿಂದ ಕೇಂದ್ರದ ಹಣ ಬರುತ್ತದೆಂಬ ಭಾವನೆ ಸಾರ್ವಜನಿಕರಲ್ಲಿ ಇದೆಯಾದರೂ ಕೇಂದ್ರವು ಒಂದು ರೂಪಾಯಿಯನ್ನಾದರೂ ಕೊಡಬೇಕೆಂದು ಕಲಮಿನಲ್ಲಿ ಎಲ್ಲಿಯೂ ಹೇಳಿಲ್ಲ. ಮಂಡಳಿಯ ಅನುದಾನವನ್ನು ನಿರ್ಧರಿಸುವುದು ರಾಜ್ಯದ ವಾರ್ಷಿಕ ಆಯವ್ಯಯವೇ. ೨೦೨೨-೨೩ರ ಆಯವ್ಯಯದಲ್ಲಿ ೩,೦೦೦ ಕೋಟಿ ಇದ್ದ ಮೊತ್ತವು ಚುನಾವಣೆಯ ವರ್ಷವಾದ ೨೦೨೩-೨೪ಕ್ಕೆ ೫,೦೦೦ ಕೋಟಿಯಾಗಿ ಘೋಷಿತವಾಯಿತು. ಏರಿಕೆ ಸ್ವಾಗತಾರ್ಹವೇ. ಆದರೆ ಏರಿಸಬಲ್ಲ ಕೈಗೆ ಇಳಿಸುವ ಅಧಿಕಾರವೂ ಇದೆ ಎಂಬುದನ್ನು ಮರೆಯುವಂತಿಲ್ಲ.

ಮಹಾರಾಷ್ಟ್ರದ ನಿದರ್ಶನ ಇಲ್ಲಿ ಎಚ್ಚರಿಕೆಯ ಮಾತಾಗಿದೆ. ೧೯೯೪ರಲ್ಲಿ ರೂಪುಗೊಂಡು ಅವಧಿಯಿಂದ ಅವಧಿಗೆ ಮುಂದುವರಿದುಬಂದಿದ್ದ ಅಲ್ಲಿನ ಮಂಡಳಿಗಳ ಅವಧಿ ೨೦೨೦ರ ಏಪ್ರಿಲ್ ೩೦ರಂದು ಮುಗಿದಾಗ ವಿಸ್ತರಣೆ ದೊರೆಯಲಿಲ್ಲ. ಸಂವಿಧಾನದಲ್ಲಿ ಕಲಂ ಹಾಗೆಯೇ ಇದ್ದೂ ಮಂಡಳಿಗಳು ಇಲ್ಲವಾದವು.

ಹಕ್ಕು ಗಡಿಯನ್ನು ಅವಲಂಬಿಸಿದಾಗ ಏನಾಗುತ್ತದೆ ಎಂಬುದಕ್ಕೆ ಹರಪನಹಳ್ಳಿ ತಾಲ್ಲೂಕು ಉದಾಹರಣೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು ೧೯೯೭ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಹೀಗಾಗಿ ೨೦೧೩ರಲ್ಲಿ ೩೭೧-ಜೆ ಜಾರಿಗೆ ಬಂದಾಗ ಅದು ಹೊರಗುಳಿಯಿತು. ಸ್ಥಳೀಯರ ಒತ್ತಾಯದ ಮೇರೆಗೆ ೨೦೧೮ರಲ್ಲಿ ತಾಲ್ಲೂಕನ್ನು ಮರಳಿ ಬಳ್ಳಾರಿಗೆ ಸೇರಿಸಿ ಕಲಮಿನ ಸೌಲಭ್ಯ ವಿಸ್ತರಿಸಲಾಯಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಅದು ಅಲ್ಲಿಗೆ ಸೇರಿತು. ಇಪ್ಪತ್ತೈದು ವರ್ಷಗಳೊಳಗೆ ಒಂದು ತಾಲ್ಲೂಕು ಮೂರು ಜಿಲ್ಲೆಗಳನ್ನು ಕಂಡಿತು.

೨೦೧೯ರ ಸೆಪ್ಟೆಂಬರಿನಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದು ಮಂಡಳಿಯ ಹೆಸರೂ ಬದಲಾಯಿತು. ೨೦೨೪ರಲ್ಲಿ ರಾಜ್ಯ ಸರ್ಕಾರವು ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನವನ್ನು ಕುರಿತು ಹೊಸ ಸಮಿತಿ ನೇಮಿಸಿತು. ನಂಜುಂಡಪ್ಪ ವರದಿಯ ಎರಡು ದಶಕಗಳ ನಂತರ ಮರಳಿ ಅಳತೆಯ ಪ್ರಶ್ನೆಗೇ ಬಂದು ನಿಂತಿರುವುದು ಆಕಸ್ಮಿಕವಲ್ಲ.

೮

ಮೇಲಿನ ವಿವೇಚನೆಯಿಂದ ಒಂದು ತೀರ್ಮಾನಕ್ಕೆ ಬರಬಹುದು. ಸ್ಥಳೀಯ ಅಭಿವೃದ್ಧಿಗೆ ಸರ್ಕಾರದ ಹಣವನ್ನು ಪಡೆಯುವ ಹೋರಾಟದಲ್ಲಿ ಹಿಂದುಳಿದಿದ್ದೇವೆಂದು ತೋರಿಸುವುದು ಮೊದಲ ಮೆಟ್ಟಿಲು. ಎಷ್ಟು ಹಿಂದುಳಿದಿದ್ದೇವೆಂದು ಅಳೆಯುವುದು ಎರಡನೆಯದು. ಆ ಅಳತೆಯನ್ನು ಸರ್ಕಾರವನ್ನು ಕಟ್ಟಿಹಾಕುವ ಕಾನೂನಿನೊಳಗೆ ಬರೆಯಿಸುವುದು ಮೂರನೆಯದು. ಹೈದರಾಬಾದ್ ಕರ್ನಾಟಕವು ೧೯೮೧ರಲ್ಲಿ ಮೊದಲನೆಯ ಮೆಟ್ಟಿಲನ್ನೂ ೨೦೦೨ರಲ್ಲಿ ಎರಡನೆಯದನ್ನೂ ಏರಿತು. ೨೦೧೨ರಲ್ಲಿ ಕಾನೂನು ಬಂದಿತಾದರೂ ಅಳತೆ ಅದರ ಹೊರಗೇ ಉಳಿಯಿತು. ಉದ್ಯೋಗದ ವಿಷಯದಲ್ಲಿ ಮೂರನೆಯ ಮೆಟ್ಟಿಲು ಪೂರ್ಣವಾಗಿದೆ, ಹಣದ ವಿಷಯದಲ್ಲಿ ಅರ್ಧವಾಗಿದೆ.

ಈ ಚರಿತ್ರೆಯ ಆಕರಗಳು ಬೆಂಗಳೂರಿನಲ್ಲಿ ಮಾತ್ರ ಇರುವುದು ಸಾಧ್ಯವಿಲ್ಲ ಎಂಬುದನ್ನು ಹೊರನಾಡಿನ ಸಂಶೋಧಕರ ಗಮನಕ್ಕೆ ತರಬೇಕಾಗಿದೆ. ನಿಜಾಮರ ಮತ್ತು ಹೈದರಾಬಾದ್ ರಾಜ್ಯದ ದಾಖಲೆಗಳು ಹೈದರಾಬಾದಿನಲ್ಲಿವೆ. ಅವುಗಳಲ್ಲಿ ಬಹಳಷ್ಟು ಪಾರಸಿ ಮತ್ತು ಉರ್ದುವಿನಲ್ಲಿವೆ. ಬಳ್ಳಾರಿಯ ಹಿಂದಿನ ಲೆಕ್ಕವನ್ನು ಚೆನ್ನೈಯಲ್ಲಿ, ಮರಾಠವಾಡಾದ ಹೋಲಿಕೆಯನ್ನು ಮುಂಬಯಿ ಮತ್ತು ಪುಣೆಗಳಲ್ಲಿ, ಕಲಮಿನ ಶಾಸನಚರಿತ್ರೆಯನ್ನು ದೆಹಲಿಯಲ್ಲಿ ಹುಡುಕಬೇಕು. ವಿಶೇಷವಾಗಿ ೧೯೫೬ಕ್ಕೆ ಮುಂಚಿನ ವರ್ಷಗಳಲ್ಲಿ ಮೂರು ಕನ್ನಡ ಜಿಲ್ಲೆಗಳಿಂದ ಹೈದರಾಬಾದ್ ಬೊಕ್ಕಸಕ್ಕೆ ಸಂದ ಆದಾಯವೆಷ್ಟು, ಅಲ್ಲಿಂದ ಮರಳಿ ಬಂದ ವೆಚ್ಚವೆಷ್ಟು ಎಂಬುದನ್ನು ಜಿಲ್ಲಾವಾರು ಕಟ್ಟುವ ಕೆಲಸಕ್ಕೆ ಹೆಚ್ಚಿನ ಮಹತ್ವವಿದೆ. ತೆಲಂಗಾಣಕ್ಕೆ ೧೯೬೯ರಲ್ಲಿ ಸರ್ಕಾರಿ ಸಮಿತಿಗಳು ಮಾಡಿಕೊಟ್ಟ ಬಗೆಯ ಲೆಕ್ಕ ಇದು. ಭಾಲ್ಕಿ, ಉದಗೀರ, ನಾರಾಯಣಖೇಡಗಳನ್ನು ಒಂದೇ ಹಾಳೆಯ ಮೇಲೆ ಇಟ್ಟು ೧೯೫೬ರಿಂದೀಚೆಗೆ ಮೂರು ಕಲಮುಗಳ ಕೆಳಗೆ ಆ ತಾಲ್ಲೂಕುಗಳಿಗೆ ಬಂದ ರಸ್ತೆ, ಶಾಲೆ, ಆಸ್ಪತ್ರೆ, ನೀರಾವರಿಗಳನ್ನು ಹೋಲಿಸಿದರೆ ಯಾವ ಬಗೆಯ ಕಲಮಿನಿಂದ ಎಷ್ಟು ಫಲ ಎಂಬ ಪ್ರಶ್ನೆಗೆ ಉತ್ತರ ದೊರೆಯಬಹುದು. ಹಣದ ಹಂಚಿಕೆಗೆ ಕಾನೂನಿನಲ್ಲಿ ಅಂಕಿಯನ್ನು ಬರೆಯಿಸಬೇಕೆಂದು ಕೇಳುವವರಿಗೆ ಆ ಉತ್ತರವೇ ಗಟ್ಟಿಯಾದ ಆಧಾರವಾಗಬಲ್ಲದು.